ಹತ್ತರ ಗಂಟು

ಅಣ್ಣಿಗೇರಿಯಿಂದ ತಿರಗಿ ಬರುವಾಗ ಪ್ಯಾಸೆಂಜರ ಗಾಡಿಯೊಳಗ
ನನ್ನ ತೊಡಿ ಮ್ಯಾಲ ಕಸಬರಿಗಿ ಕಡ್ಡಿಯ ಒಂದು ಹೊರಿ.
ಎದುರು ಕೂತಾಕಿ, ಮೆಂತೆ ಪಲ್ಲೆ ಸೋಸಿಕೋತ,
"ಹ್ಯಾಂಗ ಕೊಟ್ಟಿರಿ ಬಾಯಾರ?" ಅಂದಳು.
ಮಾರೂದಲ್ಲವ್ವಾ, ಕಲಿಸೂದು ಅಂದೆ.
"ಕಸಾ ಹೊಡಿಯೂದನ್ನೂ ಸಾಲ್ಯಾಗ ಕಲಸ್ತಾರೇನು ಈಗ?"
ದಂಟು ಕಿಡಕಿಯಿಂದ ಹೊರಗ ಹೋದವು.

ಹೇಳೂದು ಹ್ಯಾಂಗ?
ಆ ಸಾಲ್ಯಾಗ ನದಾಫ ಟೀಚರು ನೆಲಕ್ಕ ಕೂತು
ಹತ್ತು ಕಡ್ಡಿಗೊಂದು ಗಂಟು ಹಾಕಸ್ತಿದ್ದರು,
ಹತ್ತು ಗಂಟಿಗೆ ಒಂದು ದೊಡ್ಡ ಗಂಟು,
ಹಳೇ ಸೀರಿ ಅಂಚು ಹರದು ಮಾಡಿದ ದಾರ.
ಮುನ್ನೂರಾ ಎರಡರಾಗ ನಲವತ್ತೇಳು ಕಳೀಬೇಕು.
ಬಿಡಿಕಡ್ಡಿ ಎರಡ. ಏಳು ಎಲ್ಲಿಂದ ಕೊಡೂದು?
ಹತ್ತರ ಗಂಟಂತೂ ಒಂದೂ ಇಲ್ಲ.
ಮೂಗು ಸೋರೂ ಹುಡುಗೊಬ್ಬ ಸೀದಾ
ನೂರರ ಗಂಟಿಗೆ ಕೈ ಹಾಕಿ ಬಿಚ್ಚಿದ,
ಅದರಾಗಿನ ಒಂದು ಹತ್ತನ್ನೂ ಬಿಚ್ಚಿದ,
ಏಳು ತಗದು ಮಗ್ಗಲಕ್ಕಿಟ್ಟ.
ಸಾಲಾ ಅನ್ನೂ ಮಾತ ಬರಲಿಲ್ಲ.

ನಾನು ಹತ್ತೊಂಬತ್ತು ವರ್ಷ ಬೆಟಗೇರಿಯಾಗ
"ಮಗ್ಗಲ ಮನಿಯಿಂದ ಒಂದು ಸಾಲಾ ತಗೋ" ಅಂತ ಕಲಿಸಿದಾಕಿ.
ಮಗ್ಗಲ ಮನ್ಯಾಗ ಸೊನ್ನಿ ಇದ್ದರ ಅದರಾಚಿ ಮನಿ.
ಹಿಂಗ ಕೈಯೊಡ್ಡಿಕೋತ ಹೋಗೂದು ಕರಿಹಲಗಿ ಮ್ಯಾಲ,
ಅಂಕಿಗಳ ತಲಿ ಹೊಡಕೋತ.
ಒಮ್ಮೆ ನಾಕನೇ ಇಯತ್ತೆಯ ಫಕ್ಕೀರೇಶ ಎದ್ದು ನಿಂತ:
"ಅಕ್ಕಾರ, ಆ ಸಾಲಾ ತಿರಗಿ ಕೊಡೂದು ಯಾವಾಗ್ರಿ?"
ಹುಡುಗರು ನಕ್ಕರು. ನಾನೂ ನಗಬಹುದಿತ್ತು.
ಕೈಯಾಗ ಕಟಗಿ ಪಟ್ಟಿ ಇತ್ತು.

ಹುಲಕೋಟಿ ಹೋತು, ಬಿಂಕದಕಟ್ಟಿ ಹೋತು.

ಗದಗ ಸ್ಟೇಶನ್ನಿನ ಹೊರಗ ಅಂವಾ ಆಟೋ ನಿಲ್ಲಸತಾನ,
ಗೊತ್ತಿತ್ತು ನನಗ. ಯಾವಾಗ್ಲೂ ಬ್ಯಾರೇದ್ದು ಹತ್ತತಿದ್ದೆ.
ಇವತ್ತು ಹೊರಿ ತಗೊಂಡು ಸೀದಾ ಅವನ ಹಿಂದ ಕೂತೆ.
ಬೆಟಗೇರಿ ತನಕ ಇಬ್ಬರದೂ ಮಾತಿಲ್ಲ.
ನೂರರ ನೋಟು ಕೊಟ್ಟೆ. ಬಾಡಿಗಿ ಮೂವತ್ತೈದು.
ಅಂವಾ ಕಳೀಲಿಲ್ಲ. ಯಾರ ಮನಿ ಬಾಗಲಾನೂ ಬಡೀಲಿಲ್ಲ.
ನನ್ನ ಅಂಗೈ ಮ್ಯಾಲ ಇಟಗೋತ ಹೋದ:
ಐದು, ನಲವತ್ತಾತು. ಹತ್ತು, ಐವತ್ತಾತು.
ಇದೊಂದು ಐವತ್ತು, ನೂರು.
"ಸರಿ ಆತಿಲ್ರೀ ಅಕ್ಕಾರ?"
ಸರಿ ಆತು ಅಂದೆ. ಹೇಳಬೇಕಂದಿದ್ದು ಗಂಟಲದಾಗ ಉಳೀತು.
ಹೊರಿಯಿಂದ ಜಾರಿದ ಒಂದು ಕಡ್ಡಿ ಸೀಟಿನ ಮ್ಯಾಲಿತ್ತು.
ಓಣಿ ತಿರುವಿನ್ಯಾಗ ಹೊಳ್ಳಿ ನೋಡಿದರ
ಅದನ್ನ ಮುರದು ಹಲ್ಲಿನ ಸಂದ್ಯಾಗ ಹಾಕ್ಕೊಂಡಿದ್ದ.

ಮರುದಿನ ನನ್ನ ಗಂಟು ಬಿಚ್ಚಲೇ ಇಲ್ಲ.
ರಾತ್ರಿ ಅತ್ತಿಯವರ ಧಾರಾವಾಹಿ ಮುಗಿಯೂ ತನಕ
ಕೂತು ಬಿಗಿದಿದ್ದೆ, ಭಾಳ ಮನಸಿಟ್ಟು.
ಹುಡುಗರು ಹಲ್ಲಿಲೆ ಕಡದರು, ಕಡ್ಡಿ ಪಟಪಟ ಮುರದವು,
ನೂರರ ಗಂಟಿನ್ಯಾಗ ತೊಂಬತ್ತೇಳು ಉಳದವು.
ಹೆಡ್ ಮಾಸ್ತರು ಬಾಗಲದಾಗ ನಿಂತು ಕೆಮ್ಮಿದರು.
ಆಗ ತುಳಜಾ ಹಬೀಬ, ಹಿಂದಿನ ಸಾಲಿನಾಕಿ,
ಏನ ಕೇಳಿದರೂ ತಲಿ ಅಷ್ಟ ಅಲ್ಲಾಡಸಾಕಿ,
ನನ್ನ ಕೈಯಾಗಿನ ದಾರ ಕಸಗೊಂಡು
"ಹಿಂಗಲ್ರೀ" ಅಂದಳು. ಮಗ್ಗದ ಮನಿ ಹುಡುಗಿ,
ಹರದ ಎಳಿಗೆ ಎಳಿ ಕೂಡಿಸೂ ಬೆರಳು.
ಸುತ್ತಿದಳು, ಒಂದು ಕುಣಿಕಿ ಬಿಟ್ಟಳು,
ತುದಿ ಹಿಡದು ಜಗ್ಗಿದಳು.
ಹತ್ತೂ ಕಡ್ಡಿ ನೆಲದ ಮ್ಯಾಲ ಹರವಿ ಬಿದ್ದವು.
ಮತ್ತ ಕಟ್ಟಿದಳು. ಮತ್ತ ಜಗ್ಗಿದಳು.
"ನನಗೊಮ್ಮೆ, ನನಗೊಮ್ಮೆ" ಅಂತ ಇಡೀ ವರ್ಗ ಆಕಿ ಸುತ್ತ,
ನಾನೂ, ಸೀರಿ ನಿರಗಿ ಎತ್ತಿ ಸಿಗಿಸಿ, ಮೊಣಕಾಲೂರಿ.

ಮಧ್ಯಾಹ್ನ ನದಾಫ ಟೀಚರಿಗೆ ಫೋನ ಹಚ್ಚಿದೆ.
ಆ ಗಂಟು ಬಾಯಿಲೆ ಹೇಳಾಕ ಹೋದೆ, ಬರಲಿಲ್ಲ.
"ಇರಲಿ ಬಿಡ್ರಿ, ನಾನ ಬರತೀನಿ ಒಂದಿನಾ" ಅಂದರು.

ಸಂಜೀಕ ಖೋಲಿ ತುಂಬ ಮುರದ ಕಡ್ಡಿ, ಸೀಮೆಸುಣ್ಣದ ಪುಡಿ.
ಹೊಡಿಯೂಣಂತ ಮೂಲ್ಯಾಗ ಹುಡಕಿದರ
ಕಸಬರಿಗಿ ಹಿಡಿ ಒಂದ ಬಿದ್ದಿತ್ತು.
"ಕಡ್ಡಿ ಎಲ್ಲಿ?"
"ಎಲ್ಲಾ ಲೆಕ್ಕಕ್ಕ ಹೋಗ್ಯಾವ್ರಿ ಅಕ್ಕಾರ."