ಬಿಳಿ ಅಂಗಿಯ ಕಿಸೆ

ಕೌಲ್ ಬಜಾರಿನ ಎರಡನೇ ಗೇಟಿಗೆ
ಹೊನ್ನೂರಸಾಬನ ಇಸ್ತ್ರಿ ಅಂಗಡಿ.
ಯಾರೋ ಕೊಟ್ಟು ಮರೆತುಹೋದ ಬಿಳಿ ಅಂಗಿಯೊಂದು
ಅಲ್ಲಿ ಮೊಳೆಗೆ ತೂಗುತ್ತದೆ.
ಕಾಲರಿನ ಒಳಗೆ ಅಗಸರ ಗುರುತು, ಮೂರು ಚುಕ್ಕಿ ಒಂದು ಗೀಟು;
ಒಡೆಯ ಯಾರೆಂದು ಅವಕ್ಕೆ ಮಾತ್ರ ಗೊತ್ತು.

ಇಂಟರ್‌ವ್ಯೂಗೆ ಹೋಗುವವರಿಗೆ ಅದು ಪುಕ್ಕಟೆ.
ಬೆವರು ಆರಿಸಿ ತರಬೇಕು,
ಅಲ್ಲಿ ಏನು ಕೇಳಿದರೋ ಬರೆದು ಕಿಸೆಯಲ್ಲಿಡಬೇಕು. ಅಷ್ಟೇ ಬಾಡಿಗೆ.

"ಹೆಣ್ಮಗಳು ಕೇಳಿದ್ದು ಇದೇ ಮೊದಲು," ಅಂದ.
"ತೋರಣಗಲ್ಲಿಗೆ. ಕ್ರೇನ್ ಆಪರೇಟರ್," ಅಂದೆ.
ಕೆಂಡಕ್ಕೆ ರಟ್ಟು ಬೀಸಿದ, ಬೀಸುತ್ತಲೇ ಇದ್ದ.
ಆಮೇಲೆ, "ತೋಳು ಉದ್ದ ಆಗ್ತಾವು. ಮಡಿಸ್ಕೋ."

ಇಲ್ಲಿಯತನಕ ಬಂದದ್ದೇ ಒಂದು ಕಥೆ.
ಮಾರ್ಕ್ಸ್ ಕಾರ್ಡಿನಲ್ಲಿ ಸುಂಕಮ್ಮ, ಆಧಾರಿನಲ್ಲಿ ಸುಂಕ್ಲಮ್ಮ;
ಆ ಒಂದು ಲ ಒತ್ತಿಗೆ ನೋಟರಿ ಮುನ್ನೂರು ತಗೊಂಡ.
ಬೇಕಾದೀತೆಂದು ಮುನ್ನೂರ ಎಪ್ಪತ್ತೊಂದು ಜೆ ಮಾಡಿಸಿದೆ,
ನಾಡಕಚೇರಿಗೆ ನಾಕು ಸಲ. ಯಾರೂ ಕೇಳಲಿಲ್ಲ.
ಜೆರಾಕ್ಸ್ ಅಂಗಡಿಯ ಹುಡುಗ
ಎಲ್ಲರಿಗೂ ಹೊಡೆಯುವಂತೆ ನನಗೂ ಹೊಡೆದಿದ್ದ, ಹವ್ಯಾಸ: ಕ್ರಿಕೆಟ್.
ತೆಗೆಯೋಕೆ ಹತ್ತು ರೂಪಾಯಿ ಅಂದ.
ಇರಲಿ ಬಿಡು ಕ್ರಿಕೆಟ್, ಅಂದೆ.

ರಾತ್ರಿ ಕಿಸೆಯ ಚೀಟಿಗಳನ್ನು ಚಾಪೆಯ ಮೇಲೆ ಹರವಿದೆ.
ಬಸ್ ಟಿಕೆಟಿನ ಹಿಂದೆ, ಮಾತ್ರೆಯ ಡಬ್ಬಿಯ ರಟ್ಟಿನ ಮೇಲೆ:
ಮೈಕ್ರೋಮೀಟರಿನ ಲೀಸ್ಟ್ ಕೌಂಟ್ ಓದಿಕೊಂಡು ಹೋಗ್ರಿ.
ಸಂಬಳ ಎಷ್ಟು ಬೇಕು ಅಂದರೆ ಮೊದಲು ಒಂದು ಗುಟುಕು ನೀರು ಕುಡೀರಿ.
ಅಪ್ಪ ಏನು ಮಾಡ್ತಾನೆ ಅಂದ್ರು, ಸುಳ್ಳು ಹೇಳಿದೆ, ಹೇಳಬಾರದಿತ್ತು.
ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸ್ತಾರೆ, ಒಳಗೆ ಒಂದು ಅಂಕಿ ಇರುತ್ತಂತೆ.
ನನಗೆ ಕಾಣಲಿಲ್ಲ.

ಇದನ್ನು ಎರಡು ಸಲ ಓದಿದೆ.
ಅಕ್ಷರ ದುಂಡಗಿತ್ತು. ಹೆಸರಿರಲಿಲ್ಲ.

ಅವ್ವ ಜೀನ್ಸಿಗೆ ಜಿಪ್ಪು ಕೂಡಿಸುತ್ತಲೇ ಮ್ಯಾನೇಜರಾದಳು:
"ನಿನ್ನನ್ನೇ ಯಾಕೆ ತಗೋಬೇಕು, ಹೇಳು."
ಯಾಕಂದ್ರೆ... ಅಂದೆ.
ಮಿಷನ್ನು ನಿಂತಿತು.
ಬೀದಿಯಲ್ಲಿ ಗೂಡ್ಸು ಆಟೋ ಒಂದು ಹೋಯಿತು.
"ಇಷ್ಟೊತ್ತಿಗೆ ಇನ್ನೊಂದು ಪ್ಯಾಂಟು ಆಗ್ತಿತ್ತು," ಅಂದಳು ಅವ್ವ.

ಬೆಳಿಗ್ಗೆ ಬೆರಳು ಗುಂಡಿಗಳನ್ನು ಎಡಗಡೆ ಹುಡುಕಿದವು.
ಗಂಡಸರ ಅಂಗಿ; ಬಲಗಡೆ ಇದ್ದವು.
ಎರಡನೆಯದು ಸಡಿಲವಾಗಿ ಜೋಲುತ್ತಿತ್ತು.
ಅವ್ವ ಜೀನ್ಸ್ ದಾರ ಹಾಕಿ ಎಳೆದು ಕಟ್ಟಿದಳು,
ಬಿಳಿಯ ಮೇಲೆ ಅರಿಶಿನದ ಬೊಟ್ಟಿನ ಹಾಗೆ ಕಂಡಿತು.

ತೂಕ, ಕಣ್ಣು, ಉಸಿರು. ಪುಸ್ತಕದಲ್ಲಿ ಎಪ್ಪತ್ನಾಲ್ಕು ಇತ್ತು,
ನನಗೆ ಕಂಡಿತು. ಆ ಹುಡುಗನ ನೆನಪಾಯಿತು.
ಮಧ್ಯಾಹ್ನ ಏಣಿ, ಅರವತ್ತೆರಡು ಮೆಟ್ಟಿಲು,
ಕಬ್ಬಿಣ ಅಂಗೈ ಸುಡುತ್ತಿತ್ತು.
ಕ್ಯಾಬಿನ್ನಿನ ಗಾಜಿನಿಂದ ಕೆಳಗೆ ನೋಡಿದರೆ
ಹೊನ್ನೂರಸಾಬನ ಕೆಂಡ, ಆದರೆ ಒಂದು ಓಣಿಯಷ್ಟು ಉದ್ದ.

"ಹುಕ್ಕು ತೂಗಾಡಿದ್ರೆ ಏನು ಮಾಡ್ತೀಯ?"
"ಅದರ ಹಿಂದೇನೇ ಹೋಗಬೇಕು ಸಾರ್, ಎದುರಿಗೆ ಎಳೆದ್ರೆ ಇನ್ನೂ ತೂಗುತ್ತೆ."
ದೊಡ್ಡವರು ಏನೋ ಬರಕೊಂಡರು.
ಪಕ್ಕದವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು,
ಕೊನೆಯದೊಂದು ಕೇಳಿದರು.

ಫೋನ್ ಮಾಡ್ತೀವಿ ಅಂದಿದ್ದಾರೆ. ಇವತ್ತಿಗೆ ಒಂಬತ್ತು ದಿನ.

ಅಂಗಿ ಒಗೆದು, ಆರಿಸಿ, ಒಯ್ದು ಕೊಟ್ಟೆ.
ಕಾಲರಿನ ಕೆಂಪು ಧೂಳು ಪೂರ್ತಿ ಹೋಗಿರಲಿಲ್ಲ.
ಅಂಗಡಿ ಕಟ್ಟೆಯ ಮೇಲೆ ಒಬ್ಬ ಹುಡುಗ ಕಾಯುತ್ತಿದ್ದ,
ಉಗುರಿನ ಸುತ್ತ ಸಿಮೆಂಟು, ಮಂಡಿಯ ಮೇಲೆ ಫೈಲು.
ಕಿಸೆಗೆ ಕೈ ಹಾಕಿ ನನ್ನ ಚೀಟಿಯನ್ನೇ ತೆಗೆದು ಜೋರಾಗಿ ಓದಿದ:

"ಮದುವೆ ಆದಮೇಲೆ ಏಣಿ ಹತ್ತೋರು ಯಾರು?"

ಹಿಂದೆ ಮುಂದೆ ತಿರುಗಿಸಿ ನೋಡಿದ. ಉತ್ತರ ಬರೆದಿರಲಿಲ್ಲ ನಾನು.
"ಅಕ್ಕ," ಅಂದ, "ಇದನ್ನ ನನಗೂ ಕೇಳ್ತಾರಾ?"

ಹೊನ್ನೂರಸಾಬ ಒಂದು ಬೊಗಸೆ ನೀರು ಚಿಮುಕಿಸಿ
ಆ ಅಂಗಿಯ ಮೇಲೆ ಪೆಟ್ಟಿಗೆ ಇಟ್ಟ.
ಚುಸ್ ಅಂದಿತು.