ಹಿಂದಿನ ಚಕ್ರ

ಆ ಇಳಿಜಾರಿನಲ್ಲಿ ನೆಪ್ತಾಲಿ ನನ್ನ ಬೆನ್ನಿಗೇ ಇದ್ದ.
ತಿರುಗಿ ನೋಡಲಿಲ್ಲ; ಅವನ ಚಕ್ರದ ಕಿಟಿಕಿಟಿ ಗೊತ್ತಿತ್ತು ನನಗೆ:
ಹಳೆಯದು, ಒಳಗೊಂದು ಹಲ್ಲು ಸವೆದದ್ದು,
ಮಿಡತೆ ಬಿಕ್ಕಳಿಸಿದ ಹಾಗೆ.

ಮೂರನೇ ತಿರುವಿನಾಚೆ ಸದ್ದು ನಿಂತಿತು.
ಹಿಂದೆ ಬಿಟ್ಟೆ ಇವನನ್ನು, ಅಂದುಕೊಂಡೆ.
ಖುಷಿಯಾಯಿತು.
ಹೌದು. ಇದನ್ನು ಹೇಳಲು ಇಷ್ಟು ದಿನ ಬೇಕಾಯಿತು.

ದುಯಿತಾಮಾದ ಚೌಕದಲ್ಲಿ ನಾನು ನಾಲ್ಕನೆಯವ.
ಯಾರೋ ಬಿಸಿ ಬೆಲ್ಲದ ನೀರು ಕೊಟ್ಟರು,
ಕುಡಿದೆ, ಇನ್ನೊಂದು ಲೋಟ ಕೇಳಿದೆ.
ತರಬೇತುದಾರ ರೇಡಿಯೋ ಕಿವಿಗೊತ್ತಿಕೊಂಡು
ನನ್ನ ಕಡೆ ನೋಡದೆ ನಿಂತಿದ್ದ.

ಮರುದಿನ ಯಾರೂ ಪೈಪೋಟಿಗೆ ಇಳಿಯಲಿಲ್ಲ.
ನೂರಾ ಹತ್ತು ಮಂದಿ
ಹಸುಗಳ ಹಿಂದೆ ಸಿಕ್ಕಿಕೊಂಡವರ ಹಾಗೆ ಹೋದೆವು.
ಆಲೂಗಡ್ಡೆ ಹೊಲದಿಂದ ಎದ್ದು ಬಂದವರು
ಟೋಪಿ ತೆಗೆದು ರಸ್ತೆಯಂಚಿಗೆ ನಿಂತರು.
ಒಬ್ಬ ಹುಡುಗ ಮಾತ್ರ "ಬೇಗ! ಬೇಗ!" ಎಂದು ಕೂಗಿದ;
ಅಪ್ಪ ಅವನ ಬಾಯಿ ಮುಚ್ಚಿದ.
ಕೂಗಲಿ ಬಿಡಿ, ಅನ್ನಿಸಿತು.

ಒಂಬತ್ತು ದಿನದ ಜಪಮಾಲೆ ಮುಗಿದ ಮೇಲೆ
ಅವನ ತಾಯಿ ಕುಸ್ತೋದಿಯಾ ಕಂಬಳಿಯ ಮರೆಯಿಂದ
ಚಕ್ರ ತೆಗೆದುಕೊಟ್ಟಳು.
"ಮುಂದಿನದು ಉಳಿಯಲಿಲ್ಲ. ಇದಕ್ಕೇನೂ ಆಗಿಲ್ಲ, ನೋಡು,"
ಎಂದು ಬೆರಳಲ್ಲಿ ತಿರುಗಿಸಿದಳು.
ಅಂಗಳದ ಕೋಳಿಗಳು ತಲೆಯೆತ್ತಿದವು.

ಈಗ ಅದು ನನ್ನ ಸೈಕಲ್ಲಿನಲ್ಲಿದೆ.
ಏರಿನಲ್ಲಿ ಏನೂ ಇಲ್ಲ, ನನ್ನ ಉಸಿರಷ್ಟೆ.
ಇಳಿಯುವಾಗ, ಮೂರನೇ ತಿರುವು ಬರುವ ಮುಂಚೆ,
ತುಳಿಯುವುದು ನಿಲ್ಲಿಸುತ್ತೇನೆ.
ನಿಲ್ಲಿಸಿದರೆ ಮಾತ್ರ ಕೇಳುತ್ತದೆ ಅದು.
ಮಿಡತೆ. ಬಿಕ್ಕಳಿಕೆ. ಬೆನ್ನ ಹಿಂದೆಯೇ.
ಎಲ್ಲರೂ ನನ್ನನ್ನು ದಾಟಿ ಹೋಗುತ್ತಿರುತ್ತಾರೆ.