ಸುಳಿ ಬಲ್ಲವನ ಮಾತು

ಒಂಟಿಕೊಪ್ಪಲಿನಲ್ಲಿ, ಸ್ಕೂಲಿನ ಗೇಟಿಗೆ ಎದುರಾಗಿ,
ಮೂರು ಮೆಟ್ಟಿಲಿಳಿದರೆ ನನ್ನ ಅಂಗಡಿ.
ಬೋರ್ಡಿನಲ್ಲಿ ‘ಹೇರ್ ಡ್ರೆಸಸ್’ ಎಂದು ತಪ್ಪಾಗಿ ಬರೆದು
ಇಪ್ಪತ್ತಾರು ವರ್ಷ. ತಿದ್ದಿಸಿಲ್ಲ.
ಓದುವುದೆಲ್ಲ ಇಲ್ಲಿ ಬೆರಳು.

ಈ ಬೀದಿಯ ಮಕ್ಕಳನ್ನು ಹಿಂದಿನಿಂದಲೇ ಗುರುತು ಹಿಡಿಯುತ್ತೇನೆ.
ಪೃಥುವಿಗೆ ಎರಡು ಸುಳಿ,
ಎರಡು ಮದುವೆ ಗ್ಯಾರಂಟಿ ಎಂದು ನಕ್ಕಿದ್ದರು ಅವನ ಅಜ್ಜಿ.
ತೌಸೀಫನ ಹಿಂದಲೆ ಚಪ್ಪಟೆ,
ತೊಟ್ಟಿಲಲ್ಲಿ ಮಗ್ಗುಲು ಬದಲಿಸದೆ ಮಲಗಿದ ಮಗು.
ಚಿನ್ಮಯಿಯ ಕಿವಿಯ ಮೇಲೆ
ಅಮ್ಮ ಬಂದು ಬಿಟ್ಟುಹೋದ ಒಂದು ಗುಳಿ.
ಇಬ್ಬರ ಜವಳ ತೆಗೆದದ್ದು ನಾನೇ.
ನೆತ್ತಿ ಇನ್ನೂ ಬಲಿತಿರಲಿಲ್ಲ,
ಹರಳೆಣ್ಣೆ ಹಚ್ಚಿದ ಆ ಮೆತ್ತನೆ ಜಾಗ
ಬೆರಳಡಿ ಟುಕು ಟುಕು ಮಿಡಿಯುತ್ತಿತ್ತು.
ಕತ್ತಿ ಉಸಿರು ಹಿಡಿದು ನಡೆಯುತ್ತಿತ್ತು.

ಈಗ ಅದೇ ತಲೆಗಳು ಭಾನುವಾರ ಬಂದು
ಮೊಬೈಲಿನಲ್ಲಿ ಚಿತ್ರ ತೋರಿಸುತ್ತವೆ:
ಪಕ್ಕ ಸೊನ್ನೆ, ಮೇಲೆ ಎರಡಿಂಚು, ಕಿವಿಯ ಹಿಂದೊಂದು ಗೀಟು.
ಹೊರಗೆ ಒರಗಿದ ಸೈಕಲ್ಲುಗಳಿಗೆ ಗೇರಿದೆ, ಬೆಲ್ಲಿಲ್ಲ,
ಒಂದರ ಬ್ರೇಕು ಅಷ್ಟಕ್ಕಷ್ಟೆ.
ಹೆಲ್ಮೆಟ್ಟೆಲ್ಲೋ ಅಂದರೆ
‘ಅಂಕಲ್, ಸ್ಪೈಕೆಲ್ಲಾ ಮಲಗಿಬಿಡುತ್ತೆ.’
‘ಬೆವರುತ್ತೆ.’
‘ನಮ್ಮ ಕ್ಲಾಸಲ್ಲಿ ಯಾರೂ ಹಾಕಲ್ಲ.’
‘ಇದು ಸೈಕಲ್ಲು ಅಂಕಲ್, ಬುಲೆಟ್ಟಲ್ಲ.’

ಒಂದು ದಿನ ಮೆಷಿನ್ ಆರಿಸಿ ಹೇಳಿದೆ.

ಆಸ್ಪತ್ರೆಯಿಂದ ಒಮ್ಮೊಮ್ಮೆ ನಮ್ಮನ್ನು ಕರೆಯುತ್ತಾರೆ.
ಅವತ್ತು ಮಂಗಳವಾರ, ಅಂಗಡಿ ರಜ, ಊಟಕ್ಕೆ ಕೂತಿದ್ದೆ.
ಆಪರೇಷನ್ನಿಗೆ ಮುಂಚೆ ತಲೆ ಬೋಳಿಸಬೇಕು, ಬೇಗ ಬಾ ಎಂದರು.
ಹೋದರೆ, ಮಂಚದ ಮೇಲೆ ನಮ್ಮ ನಿಹಾಲ.
ಬೆಟ್ಟದ ಇಳಿಜಾರಿನಲ್ಲಿ ಗೆಳೆಯರ ಜೊತೆ ಪಂದ್ಯ,
ತಿರುವಿನಲ್ಲಿ ಒಂದು ಹಿಡಿ ಮರಳು.
ಅಷ್ಟೇ.
ಲಾರಿಯಿಲ್ಲ, ಬಸ್ಸಿಲ್ಲ, ಬೈಯೋಣವೆಂದರೆ ಯಾರೂ ಇಲ್ಲ.
ಎರಡು ವಾರದ ಹಿಂದೆ ನಾನೇ ಕತ್ತರಿಸಿದ ಕೂದಲು,
ಕಿವಿಯ ಹಿಂದೆ ನಾನೇ ಎಳೆದ ಗೀಟು.
ಯಾವ ಸ್ಟೈಲಪ್ಪಾ ಎಂದು ಕೇಳದೆ
ಅವನ ತಲೆ ಮುಟ್ಟಿದ್ದು ಅದೇ ಮೊದಲು.

ಹೆದರಬೇಡಿ, ನಿಹಾಲ ಬದುಕಿದ್ದಾನೆ.
ತಿಂಗಳಿಗೊಮ್ಮೆ ಬಂದು ಇದೇ ಕುರ್ಚಿಯಲ್ಲಿ ಕೂರುತ್ತಾನೆ.
ಬಾಚಣಿಗೆ ತೋರಿಸಿ ಅದರ ಹೆಸರು ಹುಡುಕುತ್ತಾನೆ.
ನಾನು ಹೇಳಿಕೊಡುವುದಿಲ್ಲ, ಕಾಯುತ್ತೇನೆ.
ಬಾ... ಎನ್ನುತ್ತಾನೆ. ಬಾಚ... ಎನ್ನುತ್ತಾನೆ.
ಸಿಕ್ಕಿದಾಗ ಇಡೀ ಅಂಗಡಿ ನಗುತ್ತದೆ, ಅವನೂ.
ಹೊಲಿಗೆ ಬಿದ್ದ ಕಡೆ ಕೂದಲು ಹುಟ್ಟುವುದಿಲ್ಲ,
ಅಲ್ಲಿ ಕತ್ತರಿ ತಾನಾಗಿ ಮೆಲ್ಲಗಾಗುತ್ತದೆ.

ಇಷ್ಟು ಹೇಳಿ ಮೆಷಿನ್ ಹಾಕಿದೆ. ಎಲ್ಲರೂ ಸುಮ್ಮನೆ.
ತೌಸೀಫ ಮಾತ್ರ ಕೇಳಿದ:
‘ನೀವು ಸ್ಕೂಟರಲ್ಲಿ ಹಾಕ್ತೀರಾ ಅಂಕಲ್?’

ಬಾಗಿಲ ಬಳಿ ನನ್ನ ಹೆಲ್ಮೆಟ್ಟು ಅಂಗಾತ ಬಿದ್ದಿತ್ತು.
ಒಳಗೆ ಎರಡು ಕಟ್ಟು ಕೊತ್ತಂಬರಿ, ಅರ್ಧ ಕೇಜಿ ಟೊಮೇಟೊ.
ಸರ್ಕಲ್ಲಿನಲ್ಲಿ ಪೊಲೀಸು ಕಂಡರೆ ತಲೆಗೇರುತ್ತದೆ,
ದಾಟಿದ ಮೇಲೆ ಮೊಣಕೈಗೆ.
ಸುಳ್ಳು ಹೇಳಲಾಗಲಿಲ್ಲ.
ಎದುರಿಗೇ ಕನ್ನಡಿ.

ಮಾರನೆಯ ದಿನ ತರಕಾರಿಗೆ ಬೇರೆ ಚೀಲ ಕೊಂಡೆ.
ಮಕ್ಕಳಿಗೊಂದು ಮಾತು ಕೊಟ್ಟೆ:
ಹೆಲ್ಮೆಟ್ ಹಾಕಿ ಬಂದವರ ಮಲಗಿದ ಸ್ಪೈಕನ್ನು
ಬೆಲ್ಲು ಹೊಡೆಯುವ ಮೊದಲು
ನೀರು ಚಿಮುಕಿಸಿ ಎಬ್ಬಿಸಿಕೊಡುತ್ತೇನೆ, ಪುಕ್ಕಟೆ.
ಆದರೆ ಹಿಂದಕ್ಕೆ ಜಾರಿಸಿದ್ದು ಲೆಕ್ಕಕ್ಕಿಲ್ಲ,
ಹುಬ್ಬಿನ ಮೇಲೆ ಎರಡು ಬೆರಳಷ್ಟೇ ಜಾಗ.
ಗಲ್ಲದಡಿ ಪಟ್ಟಿ ಬಿಗಿದಿರಬೇಕು,
ಅಲ್ಲೂ ಎರಡೇ ಬೆರಳು.
ಬೆರಳು ನನ್ನವು. ಪರೀಕ್ಷೆಯೂ ನನ್ನದೇ.

ಮೊದಲ ವಾರ ಪೃಥು ಒಬ್ಬನೇ. ಎರಡನೇ ವಾರವೂ.
ನಿನ್ನೆ ಮೂವರು.
ಚಿನ್ಮಯಿ ನೆತ್ತಿಯ ಜುಟ್ಟನ್ನು ಕತ್ತಿನವರೆಗೆ ಇಳಿಸಿ
ಹೆಲ್ಮೆಟ್ಟಿಗೆ ಜಾಗ ಮಾಡಿಕೊಂಡು ಬಂದಿದ್ದಳು.
ತೌಸೀಫ ಅಣ್ಣನದು ಹಾಕಿದ್ದ, ಗಡಿಗೆ ಕವುಚಿದ ಹಾಗೆ.
ವಾಪಸು ಕಳಿಸಿದೆ, ನಿನ್ನ ಅಳತೆಯದು ತಾ ಎಂದು.
ಬೆವರುತ್ತೆ ಅಂಕಲ್, ಅಂತ ಇನ್ನೂ ರಾಗ.

ಬೆವರಲಿ ಬಿಡೋ.
ಬೆವರಾದರೆ ಒರೆಸಲಿಕ್ಕೆ
ಟವೆಲಿದೆ ನನ್ನ ಹತ್ತಿರ.